ಥಿಯೊಡೋರ್ ಬೊವೇರಿ

ಜರ್ಮನಿ ದೇಶದ ದಕ್ಷಿಣ ಭಾಗದಲ್ಲಿ ಬವೇರಿಯ ಎಂಬ ಪ್ರಾಂತವಿದೆ. ಆ ಪ್ರಾಂತದ ಹಳೆಯ ಪಟ್ಟಣಗಳಲ್ಲಿ ಬಾಂಬರ್ಗ್ ಒಂದು. ಏಳು ಗುಡ್ಡಗಳ ಮೇಲೆ ಹಬ್ಬಿಕೊಂಡಿರುವ ಈ ಪಟ್ಟಣ ತನ್ನ ಪುರಾತನ ದೇವಾಲಯಕ್ಕೂ ಇಕ್ಕಟ್ಟಾದ ಬೀದಿಗಳ ಚೆಲುವಿಗೂ ಹೆಸರಾದುದು. ಇಲ್ಲಿ ೧೮೬೨ನೆಯ ಇಸವಿ ಅಕ್ಟೋಬರ್ ತಿಂಗಳ ೧೨ನೆಯ ದಿನ ಥಿಯೊಡೋರ್ ಬೊವೇರಿ ಜನಿಸಿದರು. ತಂದೆಯ ಹೆಸರೂ ಥಿಯೊಡೋರ್ ಎಂದೇ; ಅವರು ವೈದ್ಯವಿದ್ಯೆಯನ್ನು ಕಲಿತವರು. ತಾಯಿ ಆಂಟೋನಿ. ದಂಪತಿಗಳ ನಾಲ್ವರು ಗಂಡುಮಕ್ಕಳಲ್ಲಿ ಬೊವೇರಿ ಎರಡನೆಯವರು. ಅವರ ತಮ್ಮ ವಾಲ್ಟರ್ ಮುಂದೆ ಯಂತ್ರವಿದ್ಯೆಯಲ್ಲಿ ನಿಪುಣರಾಗಿ, ೧೮೯೧ರಲ್ಲಿ ಸ್ವಿಟ್ಸರ್ಲೆಂಡಿನ ಬಾಡೆನ್ ಎಂಬಲ್ಲಿ ಚಾರ್ಲ್ಸ್ ಬ್ರೌನ್ ಎಂಬುವರೊಡನೆ ಕೂಡಿ ವಿದ್ಯುದ್ಯಂತ್ರಗಳ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಬ್ರೌನ್ ಬೊವೇರಿ ಎಂಬ ಆ ಕಾರ್ಖಾನೆಯ ಹೆಸರು ಲೋಕವೆಲ್ಲ ಹರಡಿತು. ತಮ್ಮನು ಭಾರಿ ಯಂತ್ರಗಳನ್ನು ನಿರ್ಮಿಸುತ್ತಿದ್ದ ಕಾಲದಲ್ಲಿ ಅಣ್ಣನು ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಚುಕ್ಕೆಯ ಬೆನ್ನು ಹತ್ತಿದ್ದರು. ಆ ಚುಕ್ಕೆಯ ಕಥೆಯೇ ಬೊವೇರಿಯವರ ಜೀವನದ ಕಥೆ.

ಬಾಲ್ಯದಿಂದಲೂ ಬೊವೇರಿಯವರಿಗೆ ಚಿತ್ರಕಲೆಯಲ್ಲಿಯೂ ಸಂಗೀತದಲ್ಲಿಯೂ ಒಲವು. ಪಿಯಾನೋ ವಾದನವನ್ನು ಅವರು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಕುಂಚವನ್ನು ಕೊನೆಯವರೆಗೂ ಕೈಬಿಡಲಿಲ್ಲ. ಇದು ಕೇವಲ ಹೊತ್ತು ಕಳೆಯುವ ಹವ್ಯಾಸವಾಗಿತ್ತೆಂದು ತಿಳಿಯಬಾರದು. ಸೂಕ್ಷ್ಮದರ್ಶಕದ ಛಾಯಾಚಿತ್ರಗಳು ಇನ್ನೂ ಎಳವೆಯಲ್ಲಿದ್ದ ಆ ದಿನಗಳಲ್ಲಿ ವಿಜ್ಞಾನಿಯು ತಾನು ಕಂಡುದನ್ನು ತನ್ನ ಕೈಯಿಂದಲೇ ಬರೆದು ತೋರಿಸಬೇಕಾಗಿತ್ತು. ಕಣ್ಣು ಕಂಡುದಕ್ಕಿಂತ ಹೆಚ್ಚನ್ನೂ ಬರೆಯದೆ, ಕಡಮೆಯನ್ನೂ ಬರೆಯದೆ, ಇದ್ದುದನ್ನು ಇದ್ದಂತೆಯೇ ಬರೆಯುವ ಕೈ ದೊರೆಯುವುದು ಸುಲಭವಲ್ಲ. ಬೊವೇರಿಯವರ ಪ್ರಬಂಧಗಳಲ್ಲಿರುವ ಚಿತ್ರಗಳು ಇಂದಿಗೂ ಬೆಲೆ ಕಳೆದುಕೊಂಡಿಲ್ಲ.

ನ್ಯೂರೆಂಬರ್ಗ್ ನಗರದಲ್ಲಿ ಪ್ರೌಢ ವ್ಯಾಸಂಗವನ್ನು ಮುಗಿಸಿದ ಬೊವೇರಿ ೧೮೮೧ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಮೊದಲು ಅವರು ಆರಿಸಿಕೊಂಡುದು ಇತಿಹಾಸ ಮತ್ತು ತತ್ತ್ವಶಾಸ್ತ್ರ. ಆದರೆ ಅಲ್ಪಕಾಲದಲ್ಲಿಯೇ ಅವರ ಮನಸ್ಸು ಜೀವಿಗಳ ರಚನೆಯ ಕಡೆಗೆ ತಿರುಗಿತು. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕುಪ್ಫರ್ ಅವರ ಮಾರ್ಗದರ್ಶನದಲ್ಲಿ ನರತಂತುಗಳನ್ನು ಕುರಿತು ಸಂಶೋಧನೆ ಮಾಡಿ ೧೮೮೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅದೇ ವರ್ಷ ಅವರಿಗೆ ಒಂದು ದೊಡ್ಡ ಸಂಶೋಧನ ವೇತನವೂ ದೊರೆಯಿತು. ಜೀವನೋಪಾಯಕ್ಕಾಗಿ ಅಲೆಯುವ ಚಿಂತೆಯಿಲ್ಲದೆ ಹಲವು ವರ್ಷಗಳ ಕಾಲ ತಮಗೆ ಪ್ರಿಯವಾದ ವಿಷಯದಲ್ಲಿ ಮುಳುಗಿರುವ ಅವಕಾಶ ಇದರಿಂದ ಲಭಿಸಿತು. ಆಗ ಅವರು ರಿಚರ್ಡ್ ಹರ್ಟ್‌ವಿಗ್ ಅವರ ಪ್ರಾಣಿಶಾಸ್ತ್ರ ಸಂಸ್ಥೆಯನ್ನು ಸೇರಿ ಜೀವಕೋಶದ ಅಧ್ಯಯನಕ್ಕೆ ತೊಡಗಿದರು.

ಜೀವಿಗಳ ದೇಹವೆಲ್ಲ ಜೀವಕೋಶಗಳಿಂದ ಕೂಡಿದೆ, ಒಂದು ಕೋಶ ಒಡೆದು ಎರಡಾಗುವುದರಿಂದಲೇ ಹೊಸ ಕೋಶ ಹುಟ್ಟುತ್ತದೆ ಎಂಬ ಸಂಗತಿ ಆ ವೇಳೆಗೆ ಗೊತ್ತಾಗಿದ್ದಿತು. ಕೋಶದ ನಡುವೆ ಕೋಶಕೇಂದ್ರವಿರುವುದೂ, ಕೋಶ ಒಡೆಯುವ ಹೊತ್ತಿಗೆ ಆ ಕೇಂದ್ರದೊಳಗಿನ ವಸ್ತು ಸಣ್ಣ ಸಣ್ಣ ದಾರದ ತುಂಡುಗಳಂತೆ ಕಾಣಿಸಿಕೊಳ್ಳುವುದೂ ತಿಳಿದಿದ್ದವು. ಬಣ್ಣವನ್ನು ಬೇಗ ಹೀರಿಕೊಳ್ಳುವ ಈ ತುಂಡುಗಳೇ ವರ್ಣತಂತುಗಳು. ಆದರೆ ಇವು ಏತಕ್ಕಾಗಿ ಇವೆ? ಕೋಶ ಒಡೆದಾದ ಮೇಲೆ ಇವು ಕರಗಿ ಹೋಗಿ ಮತ್ತೆ ಹೊಸದಾಗಿ ಹುಟ್ಟುತ್ತವೆಯೆ, ಅಥವಾ ಕಣ್ಮರೆಯಾಗಿ ಹಾಗೆಯೇ ಉಳಿದಿರುತ್ತವೆಯೆ? ಒಂದು ವರ್ಣತಂತುವಿಗೂ ಇನ್ನೊಂದಕ್ಕೂ ಭೇದವುಂಟೆ? ಈ ಪ್ರಶ್ನೆಗಳಿಗೆ ಯಾರಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ.

ಕುದುರೆಯ ಕರುಳಿನಲ್ಲಿ ವಾಸಿಸುವ ಒಂದು ಬಗೆಯ ಜಂತುಹುಳು ಬೊವೇರಿಯವರ ನೆರವಿಗೆ ಬಂದಿತು. ಜಂತುಹುಳುವೆಂದರೆ ಯಾರಿಗಾದರೂ ಹೇಸಿಗೆಯೇ. ಆದರೆ ವಿಜ್ಞಾನಿಗೆ ಅದರ ಅಂಡವು ನಿಧಿಯಂತಿತ್ತು. ಮನುಷ್ಯನ ಜೀವಕೋಶದಲ್ಲಿ ನಲವತ್ತಾರು ವರ್ಣತಂತುಗಳಿದ್ದರೆ ಈ ಹುಳುವಿನ ಅಂಡದಲ್ಲಿ ಇರುವುದು ಎರಡೋ ನಾಲ್ಕೋ ಮಾತ್ರ. ಅವು ಉದ್ದವಾಗಿಯೂ ದಪ್ಪವಾಗಿಯೂ ಇರುವುದರಿಂದ ಪ್ರತಿಯೊಂದರ ಚಲನವಲನವನ್ನೂ ಹಿಂಬಾಲಿಸಬಹುದು. ಬೊವೇರಿಯವರು ವರ್ಷಗಟ್ಟಲೆ ಈ ಅಂಡಗಳನ್ನು ನೋಡಿದರು. ಕೋಶವು ಒಡೆದಾದ ಮೇಲೆ ವರ್ಣತಂತುಗಳು ಮರೆಯಾದರೂ, ಮುಂದಿನ ಸಲ ಕೋಶ ಒಡೆಯುವಾಗ ಅವು ಹಿಂದೆ ಎಲ್ಲಿ, ಯಾವ ಕ್ರಮದಲ್ಲಿ ಮರೆಯಾಗಿದ್ದುವೋ ಅಲ್ಲಿಯೇ, ಅದೇ ಕ್ರಮದಲ್ಲಿ ಮರಳಿ ತೋರುತ್ತವೆಂಬುದನ್ನು ಕಂಡರು. ರಾತ್ರಿ ಮಲಗಿದವನು ಬೆಳಗ್ಗೆ ಅದೇ ಹಾಸಿಗೆಯಿಂದ ಏಳುವಂತೆ ವರ್ಣತಂತುಗಳೂ ತಮ್ಮ ತಮ್ಮ ಜಾಗದಿಂದಲೇ ಏಳುತ್ತಿದ್ದವು. ಅವು ಕರಗಿಹೋಗುವುದಿಲ್ಲ, ಒಂದೊಂದೂ ತನ್ನತನವನ್ನು ಉಳಿಸಿಕೊಂಡು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ ಎಂದು ಅವರು ನಿರ್ಧರಿಸಿದರು.

ಇದೇ ಅಂಡಗಳಲ್ಲಿ ಅವರ ಗಮನವನ್ನು ಸೆಳೆದ ಇನ್ನೊಂದು ವಸ್ತುವುಂಟು. ಕೋಶವು ಒಡೆಯಲು ಸಿದ್ಧವಾದಾಗ ಅದರ ಎರಡು ತುದಿಗಳಲ್ಲಿ ಎರಡು ಸಣ್ಣ ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆಗಳಿಂದ ಸೂರ್ಯನ ಕಿರಣಗಳಂತೆ ಎಳೆಗಳು ಹೊರಡುತ್ತವೆ. ಎರಡು ಕಡೆಯ ಎಳೆಗಳೂ ನಡುವೆ ಸೇರಿ, ನೂಲುವ ಕದಿರಿನ ಆಕಾರವನ್ನು ತಾಳುತ್ತವೆ. ಇಬ್ಭಾಗವಾದ ವರ್ಣತಂತುಗಳು ಈ ಕದಿರಿನ ಎಳೆಗಳ ಮೂಲಕ ಒಂದರ್ಧ ಆ ತುದಿಗೂ ಇನ್ನೊಂದರ್ಧ ಈ ತುದಿಗೂ ಸೆಳೆಯಲ್ಪಡುತ್ತವೆ. ಬೆಲ್ಜಿಯಂ ದೇಶದ ಫಾನ್ ಬೆನೆಡೆನ್ ಮೊದಲಾದ ವಿದ್ವಾಂಸರೂ ಈ ಚುಕ್ಕೆಗಳನ್ನು ಕಂಡಿದ್ದರು. ಅವು ಕೋಶದ ಶಾಶ್ವತವಾದ ಅಂಗವೆಂದು ಬೊವೇರಿಯವರು ವಾದಿಸಿದರು. ೧೮೮೮ರಲ್ಲಿ ಅದಕ್ಕೆ ಸೆಂಟ್ರೋಸೋಮು ಎಂದು ಹೆಸರಿಟ್ಟರು. ಕೋಶ ಒಂದು ಸಲ ಒಡೆಯುವುದಕ್ಕೆ ಮುನ್ನ ಸೆಂಟ್ರೋಸೋಮು ಒಂದೇ ಒಂದು ಸಲ ಇಮ್ಮಡಿಯಾಗುತ್ತದೆ. ಒಂದು ಎರಡಾಗಿ, ಹುಟ್ಟುವ ಎರಡು ಕೋಶಗಳಿಗೆ ಒಂದೊಂದರಂತೆ ಹಂಚಿಹೋಗುತ್ತದೆ. ಅಂಡಕ್ಕೆ ಸೆಂಟ್ರೋಸೋಮನ್ನು ತರುವುದು ವೀರ್ಯಾಣುವೆಂಬುದನ್ನೂ ಅವರು ತೋರಿಸಿದರು. ವರ್ಣತಂತುಗಳ ಹಂಚಿಕೆ ನ್ಯಾಯವಾಗಿ ನಡೆಯಬೇಕಾದರೆ ಕೋಶದಲ್ಲಿ ತುದಿಗಳು ಎರಡೇ ಇರಬೇಕು. ತುದಿಗಳು ಎರಡೇ ಇರಬೇಕಾದರೆ ಸೆಂಟ್ರೋಸೋಮುಗಳು ಎರಡಕ್ಕಿಂತ ಹೆಚ್ಚಾಗಿರಬಾರದು. ಹೆಚ್ಚಾದರೆ ಏನಾಗುವುದು? ಈ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಹಲವು ವರ್ಷಗಳು ಬೇಕಾದವು.

ಇಟಲಿಯ ನೇಪಲ್ಸ್ ನಗರದ ಕಡಲ ದಂಡೆಯ ಮೇಲೆ ಆಂಟನ್ ಡೋರ್ನ್ ಎಂಬ ಜರ್ಮನ್ ವಿದ್ವಾಂಸರು ೧೮೭೨ರಲ್ಲಿ ಒಂದು ಪ್ರಾಣಿಶಾಸ್ತ್ರ ಕೇಂದ್ರವನ್ನು ಸ್ಥಾಪಿಸಿದ್ದರು. ಕಡಲಿನ ಜೀವಿಗಳನ್ನು ಬದುಕಿರುವಾಗಲೇ ಪರೀಕ್ಷಿಸಲು ಅನುಕೂಲವಾಗಿದ್ದ ಆ ಕೇಂದ್ರಕ್ಕೆ ನಾನಾ ದೇಶಗಳ ವಿಜ್ಞಾನಿಗಳು ಬರುತ್ತಿದ್ದರು. ಬೊವೇರಿಯವರೂ ಮತ್ತೆ ಮತ್ತೆ ಅಲ್ಲಿಗೆ ಹೋದರು. ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳುಗಳಿರುವ, ಚೆಂಡಿನಾಕಾರದ ಕಡಲಜೀವಿಯ ಅಂಡಗಳು ಅವರಿಗೆ ಅತ್ಯಂತ ಪ್ರಿಯವಾದ ಸಾಮಗ್ರಿ. ಈ ಅಂಡಗಳು ತಿಳಿಯಾಗಿರುತ್ತವೆ, ಸಾವಿರಗಟ್ಟಲೆ ದೊರೆಯುತ್ತವೆ, ಗಾಜಿನ ಬಟ್ಟಲಿನ ಕಡಲನೀರಿನಲ್ಲಿಯೇ ಬೆಳೆಯುತ್ತವೆ. ನೇಪಲ್ಸಿನ ಬಿಸಿಲೂ ಕಡಲೂ ಚಿತ್ರಕಾರನ ಕಣ್ಣಿಗೆ ಹಬ್ಬವಾದುದೂ ಸಹಜವೇ.

ಆದರೆ ಬೊವೇರಿಯವರ ದೇಹಸ್ಥಿತಿ ಅವರ ಉತ್ಸಾಹಕ್ಕೆ ತಕ್ಕಂತಿರಲಿಲ್ಲ. ಮೂವತ್ತು ವರ್ಷ ತುಂಬುವ ಮೊದಲೇ ಅವರು ತೀವ್ರವಾದ ನರದೌರ್ಬಲ್ಯಕ್ಕೆ ಗುರಿಯಾದರು. ಮನಸ್ಸು ಕುಗ್ಗಿಹೋಗಿ ಕೆಲಸವನ್ನೇ ನಿಲ್ಲಿಸಬೇಕಾಗಿ ಬಂದಿತು. ಅಲ್ಲಿಂದ ಮುಂದೆ ಅನಾರೋಗ್ಯವು ಅವರ ಬೆನ್ನು ಬಿಡಲಿಲ್ಲ. ಸ್ವಲ್ಪ ಗುಣವಾದೊಡನೆ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುವುದು, ಶಕ್ತಿಗುಂದಿ ಮತ್ತೆ ಹಾಸಿಗೆ ಹಿಡಿಯುವುದು, ಹೀಗೆಯೇ ಅವರ ಬಾಳು ಸಾಗಿತು. ಅವರು ಮಾಡಿದ ಕೆಲಸದ ರಾಶಿಯನ್ನು ನೋಡಿದವರಿಗೆ ಇಂಥ ದುರ್ಬಲ ಶರೀರದಲ್ಲಿ ಅಷ್ಟು ದುಡಿಮೆ ಹೇಗೆ ಸಾಧ್ಯವಾಯಿತೆಂದು ಆಶ್ಚರ್ಯವಾಗುತ್ತದೆ.

೧೮೯೩ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಬೊವೇರಿಯವರು ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಆ ಊರನ್ನು ಅವರು ಮತ್ತೆ ಬಿಡಲಿಲ್ಲ. ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಅಲ್ಲಿದ್ದವರು ವಿಲ್ಹೆಲ್ಮ್ ರಾಂಟ್‌ಜನ್. ಕ್ಷಕಿರಣಗಳನ್ನು ರಾಂಟ್‌ಜನ್ನರು ೧೮೯೫ರಲ್ಲಿ ಕಂಡುಹಿಡಿದುದು ಆ ಊರಿನಲ್ಲಿಯೇ. ಇಬ್ಬರೂ ಆಪ್ತಮಿತ್ರರಾದರು. ೧೯೦೦ರಲ್ಲಿ ರಾಂಟ್‌ಜನ್ನರು ಮ್ಯೂನಿಕ್ ನಗರಕ್ಕೆ ಹೊರಟುಹೋದ ಮೇಲೂ ಎರಡು ಮನೆತನಗಳ ಸ್ನೇಹ ಕಡಿಯಲಿಲ್ಲ.

೧೮೯೬ರಲ್ಲಿ ಅಮೆರಿಕದಿಂದ ಒಬ್ಬ ವಿದುಷಿ ವುರ್ಟ್ಸ್‌ಬುರ್ಗಿಗೆ ಬಂದರು. ಅವರು ಮಾರ್ಸೆಲ್ಲಾ ಓಗ್ರೇಡಿ. ಬಾಸ್ಟನ್ ನಗರದಲ್ಲಿ ಹುಟ್ಟಿದ ಮಾರ್ಸೆಲ್ಲಾ, ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಜೀವಶಾಸ್ತ್ರವನ್ನು ಓದಿ ಪದವಿ ಪಡೆದ ಮೊದಲನೆಯ ಮಹಿಳೆ. ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ಬೊವೇರಿಯವರ ಬಳಿ ಸಂಶೋಧನೆ ಮಾಡಬೇಕೆಂದು ಕಡಲು ದಾಟಿ ಬಂದಿದ್ದರು. ಬವೇರಿಯದ ವಿಶ್ವವಿದ್ಯಾನಿಲಯಗಳು ಸ್ತ್ರೀಯರನ್ನು ಕ್ರಮವಾಗಿ ಸೇರಿಸಿಕೊಳ್ಳತೊಡಗಿದುದು ೧೯೦೩ರಲ್ಲಿ. ಅದಕ್ಕೂ ಏಳು ವರ್ಷ ಮೊದಲೇ ವಿಶೇಷವಾದ ಅನುಮತಿಯನ್ನು ಪಡೆದು ಆ ವಿದ್ಯಾಲಯದ ಹೊಸ್ತಿಲನ್ನು ದಾಟಿದ ಧೀರೆ ಆಕೆ. ೧೮೯೭ರಲ್ಲಿ ಬೊವೇರಿಯವರಿಗೂ ಮಾರ್ಸೆಲ್ಲಾ ಅವರಿಗೂ ವಿವಾಹವಾಯಿತು. ಮೂರು ವರ್ಷಗಳ ಮೇಲೆ ಹುಟ್ಟಿದ ಅವರ ಒಬ್ಬಳೇ ಮಗಳು ಮಾರ್ಗ್ರೆಟ್ ಮುಂದೆ ಜರ್ಮನಿಯಲ್ಲಿ ಪ್ರಸಿದ್ಧ ಪತ್ರಕರ್ತೆಯಾದಳು. ಮಾರ್ಸೆಲ್ಲಾ ಪತಿಯ ಮನೆಯನ್ನು ನೋಡಿಕೊಂಡುದಷ್ಟೇ ಅಲ್ಲ; ಪ್ರಯೋಗಶಾಲೆಯಲ್ಲಿಯೂ ಅವರ ಜೊತೆಗೆ ನಿಂತು ದುಡಿದರು. ಬೊವೇರಿಯವರ ಮಹಾಪ್ರಯೋಗದಲ್ಲಿ ಆಕೆಯ ಪಾಲೂ ಇದೆ.

ಆ ಪ್ರಯೋಗವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಸಾಧಾರಣವಾಗಿ ಒಂದು ಅಂಡವನ್ನು ಒಂದೇ ವೀರ್ಯಾಣು ಪ್ರವೇಶಿಸುತ್ತದೆ. ವೀರ್ಯಾಣುಗಳ ಸಂಖ್ಯೆಯನ್ನು ಬೇಕೆಂದೇ ಬಹಳ ಹೆಚ್ಚು ಮಾಡಿದರೆ ಕೆಲವು ಅಂಡಗಳಿಗೆ ಎರಡು ವೀರ್ಯಾಣುಗಳು ಹೊಕ್ಕುಬಿಡುತ್ತವೆ. ಆಗ ಅಂಡದಲ್ಲಿ ಎರಡು ಸೆಂಟ್ರೋಸೋಮುಗಳಾಗುತ್ತವೆ. ಅವೆರಡೂ ಇಮ್ಮಡಿಯಾಗಿ ನಾಲ್ಕಾಗುತ್ತವೆ. ಕೋಶಕ್ಕೆ ಎರಡು ತುದಿಗಳಿಗೆ ಬದಲಾಗಿ ನಾಲ್ಕು ತುದಿಗಳು ಏರ್ಪಟ್ಟು, ಅಂಡವು ಒಂದೇ ಏಟಿಗೆ ನಾಲ್ಕು ಕೋಶಗಳಾಗಿ ಒಡೆಯುತ್ತದೆ. ಹೀಗೆ ಒಡೆದ ಅಂಡಗಳಲ್ಲಿ ಹೆಚ್ಚುಕಡಮೆ ಎಲ್ಲವೂ ವಿಕಾರವಾಗಿ ಬೆಳೆದು ಸಾಯುತ್ತಿದ್ದವು. ಎರಡು ವೀರ್ಯಾಣುಗಳಿಂದ ಬಂದ ವರ್ಣತಂತುಗಳು ಅಂಡದಲ್ಲಿ ಅಳತೆ ಮೀರಿ ಸೇರಿದುದೇ ಸಾವಿಗೆ ಕಾರಣವೇ? ಮೇಲುನೋಟಕ್ಕೆ ಹಾಗೆಯೇ ತೋರುತ್ತದೆ. ಬೊವೇರಿಯವರು ಅಷ್ಟಕ್ಕೆ ತೃಪ್ತರಾಗಲಿಲ್ಲ.

ಸೀ ಅರ್ಚಿನ್ನಿನ ಅಂಡದಲ್ಲಿ ಹದಿನೆಂಟು ವರ್ಣತಂತುಗಳಿರುತ್ತವೆ, ವೀರ್ಯಾಣುವಿನಲ್ಲಿಯೂ ಹದಿನೆಂಟು. ಹದಿನೆಂಟು ಎಂಬ ಸಂಖ್ಯೆ ನಮಗೆ ಪರಿಚಿತವಾದುದೇ. ವ್ಯಾಸಭಾರತದ ಪರ್ವಗಳು ಹದಿನೆಂಟು. ಒಂದು ಮನೆಯಲ್ಲಿ ಭಾರತದ ಮೂರು ಪ್ರತಿಗಳಿವೆ ಎಂದು ಭಾವಿಸೋಣ; ಒಂದು ಅಂಡದಿಂದ ಬಂದುದು, ಎರಡು ವೀರ್ಯಾಣುಗಳಿಂದ ಬಂದುವು. ಪ್ರತಿಯೊಂದು ಪರ್ವವೂ ಬೇರೆ ಬೇರೆ ಹೊತ್ತಗೆಯಾಗಿದೆ. ಒಟ್ಟು ಹೊತ್ತಗೆಗಳು ೫೪. ಕೋಶ ಒಡೆಯುವ ಮುನ್ನ ಪ್ರತಿಯೊಂದಕ್ಕೂ ಒಂದೊಂದು ನಕಲು ಸಿದ್ಧವಾಗುವುದರಿಂದ ಅವು ೧೦೮ ಆಗುತ್ತವೆ. ಇವುಗಳನ್ನು ನಾಲ್ಕು ಮಕ್ಕಳಿಗೆ ಹಂಚಬೇಕು. ಸರಾಸರಿ ಒಬ್ಬೊಬ್ಬರಿಗೆ ೨೭ ಹೊತ್ತಗೆಗಳು ಬಂದಾವು. ಒಂದು ಭಾರತಕ್ಕೆ ಬೇಕಾದುದು ಹದಿನೆಂಟೇ. ಲೆಕ್ಕಕ್ಕೆ ಕೊರತೆಯೇನೂ ಇಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಹಂಚಿದರೆ ಒಬ್ಬನಿಗೆ ಮೂರು ಭೀಷ್ಮಪರ್ವಗಳು ಬಂದು ಕರ್ಣಪರ್ವವೇ ಇಲ್ಲದೆ ಹೋಗಬಹುದು. ಇನ್ನೊಬ್ಬನಿಗೆ ಎರಡು ವನಪರ್ವಗಳು ಬಂದು ಸಭಾಪರ್ವ ತಪ್ಪಿಹೋಗಬಹುದು. ಹೊತ್ತಗೆಗಳೆಲ್ಲ ಒಂದೇ ಆಗಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಒಂದೊಂದರಲ್ಲಿಯೂ ಬೇರೆ ಬೇರೆ ಕಥೆಯಿರುವುದರಿಂದಲೇ ತೊಂದರೆ.

ವರ್ಣತಂತುಗಳ ವಿಷಯದಲ್ಲಿಯೂ ಇದೇ ನಿಜವಾಗಿದ್ದರೆ, ಹಂಚಿಕೊಳ್ಳುವವರು ನಾಲ್ವರಿಗೆ ಬದಲಾಗಿ ಮೂವರಾದಾಗ ಪೂರ್ಣ ಭಾರತ ದೊರೆಯುವ ಸಂಭವ ಹೆಚ್ಚಬೇಕಷ್ಟೆ? ಎರಡು ವೀರ್ಯಾಣುಗಳು ಹೊಕ್ಕ ಅಂಡಗಳನ್ನು ತಕ್ಕ ಸಮಯದಲ್ಲಿ ಅಲುಗಾಡಿಸಿದರೆ ಒಂದು ಸೆಂಟ್ರೋಸೋಮು ಇಮ್ಮಡಿಯಾಗದೆ ಉಳಿಯುತ್ತದೆ. ಅಂಡವು ಮೂರಾಗಿ ಒಡೆಯುತ್ತದೆ. ಬೊವೇರಿಯವರು ಇಂಥ ಅಂಡಗಳನ್ನು ನೂರುಗಟ್ಟಲೆ ಬೆಳೆಸಿ ಎಣಿಸಿದರು. ಎರಡು ಬಗೆಯ ಅಂಡಗಳಲ್ಲಿಯೂ ಇದ್ದ ವರ್ಣತಂತುಗಳ ಮೊತ್ತ ಒಂದೇ. ಆದರೂ ನಾಲ್ಕಾಗಿ ಒಡೆದ ಅಂಡಗಳಲ್ಲಿ ಸರಿಯಾಗಿ ಬೆಳೆದುವು ಇಲ್ಲವೆನ್ನುವಷ್ಟು ವಿರಳ. ಮೂರಾಗಿ ಒಡೆದ ಅಂಡಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಸಂಖ್ಯೆಯಿಟ್ಟ ಗೋಲಿಗಳನ್ನು ಬೆರಸಿ ಪಾಲು ಮಾಡಿ, ಆಕಸ್ಮಿಕವಾದ ಹಂಚಿಕೆಯಲ್ಲಿ ಪೂರ್ಣವಾದ ಪಾಲು ಎಷ್ಟು ಸಲ ದೊರೆಯುವುದೆಂದೂ ಅವರು ಲೆಕ್ಕ ಹಾಕಿದರು. ಮಕ್ಕಳ ಆಟದಂತೆ ತೋರುವ ಈ ಗೋಲಿಗಳ ಲೆಕ್ಕ ಅಂಡಗಳ ಲೆಕ್ಕಕ್ಕೆ ಹೊಂದಿಕೆಯಾಗುತ್ತಿತ್ತು.

ಅಷ್ಟಕ್ಕೇ ನಿಲ್ಲದೆ, ನಾಲ್ಕಾಗಿ ಒಡೆದ ಅಂಡದ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಿದರು. ನಾಲ್ಕೂ ಕೋಶಗಳು ಬೇರೆ ಬೇರೆ ಹಂತಗಳಲ್ಲಿ, ಬೇರೆ ಬೇರೆ ರೀತಿಯಲ್ಲಿ ಕೆಟ್ಟುವು. ಒಂದೇ ತಾಯಿಯ ಮಕ್ಕಳಾದ ಅವುಗಳಿಗೆ ದೊರೆತ ವರ್ಣತಂತುಗಳು ಬೇರೆ ಬೇರೆಯಾಗಿದ್ದುದೇ ಅದಕ್ಕೆ ಕಾರಣವೆಂಬುದು ಸ್ಪಷ್ಟವಾಯಿತು. ಒಂದೊಂದು ವರ್ಣತಂತುವಿಗೂ ತನ್ನದೇ ಆದ ಗುಣವಿದೆ, ಆರೋಗ್ಯವಂತ ಜೀವಿ ಬೆಳೆಯಬೇಕಾದರೆ ಎಲ್ಲ ಬಗೆಯ ವರ್ಣತಂತುಗಳೂ ಕೂಡಿರಬೇಕು ಎಂಬ ಈ ನಿರ್ಣಯ ೧೯೦೨ರಲ್ಲಿ ಪ್ರಕಟವಾಯಿತು. ಪೂರ್ಣವಾದ ವಿವರಗಳು ೧೯೦೭ರಲ್ಲಿ ಹೊರಬಂದುವು. ಮೆಂಡಲ್ ಕಂಡುಹಿಡಿದಿದ್ದ ಅನುವಂಶೀಯತೆಯ ನಿಯಮಗಳು ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಿದ್ದವು. ಅಮೆರಿಕದ ತರುಣ ವಿಜ್ಞಾನಿ ವಾಲ್ಟರ್ ಸಟನ್ ಮಿಡತೆಯ ಕೋಶಗಳನ್ನು ಪರೀಕ್ಷಿಸಿ, ಮೆಂಡಲನ ನಿಯಮಗಳಿಗೂ ವರ್ಣತಂತುಗಳಿಗೂ ಇರುವ ಸಂಬಂಧವನ್ನು ಅದೇ ಕಾಲದಲ್ಲಿ ತೋರಿಸಿದನು. ಆದುದರಿಂದ ಅನುವಂಶೀಯತೆಯ ವಾಹಕಗಳು ವರ್ಣತಂತುಗಳೆಂಬ ಸಿದ್ಧಾಂತ ಸಟನ್ ಮತ್ತು ಬೊವೇರಿ ಇಬ್ಬರ ಹೆಸರಿನಲ್ಲಿಯೂ ಪ್ರಚಾರದಲ್ಲಿದೆ.

ಸಾಮಾನ್ಯವಾದ ವಿಜ್ಞಾನಿ ಇಷ್ಟಕ್ಕೆ ತೃಪ್ತನಾಗಿ ವಿಶ್ರಮಿಸುತ್ತಿದ್ದನು. ಬೊವೇರಿಯವರ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಮೂಡಿತು. ತಪ್ಪಾದ ಹಂಚಿಕೆಯಿಂದ ಹುಟ್ಟಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ನಿಜ. ಎಲ್ಲಿಯೋ ಒಂದು ಕೋಶ ಸಾಯದೆ ಉಳಿದರೆ? ಅದರಲ್ಲಿ ಬೆಳವಣಿಗೆಯನ್ನು ತಡೆದು ನಿಲ್ಲಿಸುವ ವರ್ಣತಂತುವೇ ತಪ್ಪಿಹೋಗಿದ್ದರೆ? ಅಥವಾ ಬೆಳವಣಿಗೆಯನ್ನು ಪ್ರಚೋದಿಸುವ ವರ್ಣತಂತುಗಳು ಅಳತೆ ಮೀರಿ ಸೇರಿದ್ದರೆ? ಆ ಕೋಶ ಸುತ್ತಣ ಕೋಶಗಳ ಹಿತವನ್ನು ಲೆಕ್ಕಿಸದೆ, ಕಡಿವಾಣವಿಲ್ಲದ ಕುದುರೆಯಂತೆ ಒಡೆಯುತ್ತಲೇ ಹೋಗುವುದು. ಅದರಿಂದ ಹುಟ್ಟಿದ ಕೋಶಗಳಿಗೂ ಅದೇ ದೋಷ ಬರುವುದು. ಅರ್ಬುದ ರೋಗವೆಂದು, ಕ್ಯಾನ್ಸರ್ ಎಂದು ಜನ ಅಂಜುವ ರೋಗದ ಗುಣವೂ ಇದೇ ಅಲ್ಲವೆ? ಕ್ಯಾನ್ಸರ್ ಗಡ್ಡೆಯ ಕೋಶಗಳು ಎರಡಕ್ಕಿಂತ ಹೆಚ್ಚು ತುದಿಗಳನ್ನು ತಾಳಿ, ಅಡ್ಡಾದಿಡ್ಡಿಯಾಗಿ ಒಡೆಯುವುದನ್ನು ಹಾನ್ಸೆಮನ್ ಎಂಬ ಜರ್ಮನ್ ವೈದ್ಯರು ೧೮೯೦ರಲ್ಲಿಯೇ ವರ್ಣಿಸಿದ್ದರು. ಬೊವೇರಿಯವರು ತಮ್ಮ ಈ ಊಹೆಯನ್ನು ೧೯೦೨ರ ಲೇಖನದಲ್ಲಿಯೇ ಸೂಚಿಸಿದ್ದರು. ವೈದ್ಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡಲಜೀವಿಯ ಅಂಡಗಳನ್ನು ಎಣಿಸುವವರಿಗೆ ಮನುಷ್ಯನ ರೋಗದ ವಿಚಾರವೇಕೆ ಎಂಬುದು ಅವರ ಭಾವನೆಯಾಗಿದ್ದಿರಬೇಕು.

ಈ ಉದಾಸೀನಕ್ಕೆ ಆಧಾರವಿಲ್ಲದೆಯೂ ಇರಲಿಲ್ಲ. ಬೊವೇರಿಯವರು ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸಿಸಿದವರಲ್ಲ. ಅವರ ಕೈಯಲ್ಲಿದ್ದುದು ನೇರವಾದ ಸಾಕ್ಷ್ಯವಲ್ಲ, ತರ್ಕ ಮಾತ್ರ. ಆ ಕಾಲದ ಉಪಕರಣಗಳಿಂದ ಗಡ್ಡೆಯ ಕೋಶಗಳ ವರ್ಣತಂತುಗಳನ್ನು ಸರಿಯಾಗಿ ಎಣಿಸುವುದೇ ಅಸಾಧ್ಯವಾಗಿತ್ತು. ಮನುಷ್ಯನ ವರ್ಣತಂತುಗಳು ನಲವತ್ತಾರೆಂದು ಖಚಿತವಾದುದೇ ೧೯೫೬ರಲ್ಲಿ. ಸಾಕ್ಷ್ಯವಿಲ್ಲದುದನ್ನು ಹೇಳಿ ಹೆಸರು ಕೆಡಿಸಿಕೊಳ್ಳಬೇಕೆ, ನಿಜವೆಂದು ತೋರಿದುದನ್ನು ಹೇಳದೆ ಇರಬೇಕೆ? ಮಿತವಾದ ಮಾತಿಗೂ ನಿಷ್ಕೃಷ್ಟತೆಗೂ ಹೆಸರಾಗಿದ್ದ ಬೊವೇರಿಯವರಿಗೆ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಹನ್ನೆರಡು ವರ್ಷಗಳ ಕಾಲ ಅವರು ಅದನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಚಿಂತಿಸಿದರು.

ಈ ನಡುವೆ ದೊಡ್ಡದೊಂದು ಗೌರವ ಅವರನ್ನು ಅರಸಿಕೊಂಡು ಬಂದಿತು. ಬರ್ಲಿನ್ನಿನಲ್ಲಿ ಜೀವಶಾಸ್ತ್ರಕ್ಕಾಗಿ ಕೈಸರ್ ವಿಲ್ಹೆಲ್ಮ್ ಹೆಸರಿನ ಹೊಸ ಸಂಶೋಧನ ಸಂಸ್ಥೆಯೊಂದು ಏರ್ಪಡುತ್ತಿತ್ತು. ಅದರ ನಿರ್ದೇಶಕರಾಗಬೇಕೆಂದು ಬೊವೇರಿಯವರಿಗೆ ಕರೆ ಬಂದಿತು. ಸಂಸ್ಥೆ ಹೇಗಿರಬೇಕು, ಅಲ್ಲಿ ಯಾರು ಯಾರು ಕೆಲಸ ಮಾಡಬೇಕು ಎಂಬುದನ್ನೆಲ್ಲ ಅವರು ಯೋಜಿಸಿದರು. ಅವರು ಆರಿಸಿದವರಲ್ಲಿ ಅವರ ಶಿಷ್ಯರಾದ ಹಾನ್ಸ್ ಸ್ಪೇಮನ್ನರೂ ಆಟೋ ವಾರ್ಬುರ್ಗರೂ ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಬೊವೇರಿಯವರ ಶರೀರ ಸಹಕರಿಸಲಿಲ್ಲ. ೧೯೧೩ರಲ್ಲಿ ಅವರು ಆ ಪದವಿಯನ್ನು ನಿರಾಕರಿಸಿ ವುರ್ಟ್ಸ್‌ಬುರ್ಗಿನಲ್ಲಿಯೇ ಉಳಿದರು.

ಮರು ವರ್ಷ, ಎಂದರೆ ೧೯೧೪ರಲ್ಲಿ, ಮಾರಕ ಗಡ್ಡೆಗಳ ಉತ್ಪತ್ತಿಯನ್ನು ಕುರಿತ ಅವರ ಗ್ರಂಥ ಯೇನಾ ನಗರದಿಂದ ಪ್ರಕಟವಾಯಿತು. ಗಾತ್ರದಲ್ಲಿ ಅದು ಕಿರಿದು. ಗಡ್ಡೆಯು ಒಂದೇ ಒಂದು ಕೆಟ್ಟ ಕೋಶದಿಂದ ಬೆಳೆಯುತ್ತದೆ. ಕೆಡುಕಿನ ಮೂಲವು ವರ್ಣತಂತುಗಳ ತಪ್ಪು ಕೂಟದಲ್ಲಿದೆ. ಬೆಳವಣಿಗೆಯನ್ನು ತಡೆಯುವ ವಸ್ತುಗಳೂ ಪ್ರಚೋದಿಸುವ ವಸ್ತುಗಳೂ ವರ್ಣತಂತುಗಳಲ್ಲಿವೆ. ಕ್ಷಕಿರಣಗಳಂಥ ಹೊರಗಿನ ಆಘಾತಗಳು ಕೋಶದ ವಿಭಜನೆಯನ್ನು ಕೆಡಿಸಿ ರೋಗಕ್ಕೆ ದಾರಿ ಮಾಡಬಲ್ಲವು: ಇವು ಅದರ ಮುಖ್ಯವಾದ ವಾದಗಳು. ಕೋಶವು ಒಡೆಯಬೇಕಾದಾಗ ಒಡೆಯದೆ ನಿಂತುಹೋದರೆ ಸೆಂಟ್ರೋಸೋಮುಗಳು ಹೆಚ್ಚಾಗಿ, ಮುಂದಿನ ವಿಭಜನೆ ಹಲವು ತುದಿಗಳದ್ದಾಗುತ್ತದೆಂಬುದನ್ನೂ ವಿವರಿಸಿದ್ದರು. ಗ್ರಂಥ ಹೊರಬಂದ ವರ್ಷವೇ ಮೊದಲನೆಯ ಮಹಾಯುದ್ಧ ಪ್ರಾರಂಭವಾಯಿತು. ದೇಶದೇಶಗಳ ವಿಜ್ಞಾನಿಗಳ ನಡುವಣ ಪತ್ರವ್ಯವಹಾರವೇ ಕಡಿದುಹೋದ ಆ ದಿನಗಳಲ್ಲಿ ಅದನ್ನು ಓದುವವರು ಯಾರು?

ಕೊನೆಯ ವರ್ಷಗಳಲ್ಲಿ ಬೊವೇರಿಯವರನ್ನು ಕಾಡಿದ ಇನ್ನೊಂದು ಕೆಲಸವುಂಟು. ೧೮೮೯ರಲ್ಲಿ, ತಾರುಣ್ಯದಲ್ಲಿ, ಕೋಶಕೇಂದ್ರವಿಲ್ಲದ ಅಂಡದ ತುಣುಕಿಗೆ ಬೇರೆ ಜಾತಿಯ ವೀರ್ಯಾಣುವನ್ನು ಸೇರಿಸಿ, ಹುಟ್ಟಿದ ಮರಿಯಲ್ಲಿ ತಂದೆಯ ಲಕ್ಷಣಗಳೇ ಇರುವುದೆಂದು ಅವರು ಸಾರಿದ್ದರು. ಅವರಿಗೆ ಮೊದಲ ಕೀರ್ತಿಯನ್ನು ತಂದುಕೊಟ್ಟ ಪ್ರಯೋಗವದು. ಅದರಲ್ಲಿ ಲೋಪವಿದ್ದಿರಬಹುದೆಂಬ ಸಂದೇಹ ಬಂದಾಗ ಅವರು ಸುಮ್ಮನಿರಲಿಲ್ಲ. ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಕೇಂದ್ರವಿಲ್ಲವೆಂದು ಭಾವಿಸಿದ ತುಣುಕುಗಳಲ್ಲಿ ಕೇಂದ್ರದ ವಸ್ತು ಉಳಿದಿರುವ ಸಂಭವವಿದೆಯೆಂದು ಕಂಡುಕೊಂಡು, ತಮ್ಮ ಹಳೆಯ ನಿರ್ಣಯವನ್ನು ತಾವೇ ಅಲ್ಲಗಳೆದರು. ಆ ಕುರಿತ ಅವರ ದೀರ್ಘ ಲೇಖನ ಅಚ್ಚಾದುದು ಅವರ ಮರಣಾನಂತರ, ೧೯೧೮ರಲ್ಲಿ.

೧೯೧೫ನೆಯ ಇಸವಿ ಅಕ್ಟೋಬರ್ ೧೫ರಂದು, ಐವತ್ಮೂರು ವರ್ಷಗಳು ತುಂಬಿ ಮೂರು ದಿನಗಳಾಗಿದ್ದಾಗ, ಬೊವೇರಿಯವರು ವುರ್ಟ್ಸ್‌ಬುರ್ಗಿನಲ್ಲಿ ಕಣ್ಣು ಮುಚ್ಚಿದರು. ಅವರ ಕ್ಯಾನ್ಸರ್ ಸಿದ್ಧಾಂತ ನಿಜವೆಂದಾಗಲಿ ಸುಳ್ಳೆಂದಾಗಲಿ ತೋರಿಸಬಲ್ಲವರು ಆಗ ಲೋಕದಲ್ಲಿ ಯಾರೂ ಇರಲಿಲ್ಲ. ಮಾರ್ಸೆಲ್ಲಾ ಕೆಲವು ವರ್ಷಗಳ ಮೇಲೆ ಅಮೆರಿಕಕ್ಕೆ ಹಿಂದಿರುಗಿ, ನ್ಯೂಹೇವನ್ ನಗರದ ಮಹಿಳಾ ಕಾಲೇಜೊಂದರಲ್ಲಿ ವಿಜ್ಞಾನದ ಅಧ್ಯಾಪಕರಾದರು. ಪತಿಯ ಗ್ರಂಥ ಜರ್ಮನ್ ಭಾಷೆಯಲ್ಲಿಯೇ ಉಳಿದು ಮರೆಯಾಗಬಾರದೆಂದು ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿ ೧೯೨೯ರಲ್ಲಿ ಪ್ರಕಟಿಸಿದರು. ಆ ಭಾಷಾಂತರವಿಲ್ಲದಿದ್ದರೆ ಬೊವೇರಿಯವರ ವಿಚಾರ ಇನ್ನೆಷ್ಟು ಕಾಲ ಧೂಳು ಹಿಡಿದಿರುತ್ತಿತ್ತೋ ಹೇಳಲಾಗದು. ಮಾರ್ಸೆಲ್ಲಾ ೧೯೫೦ರಲ್ಲಿ ತೀರಿಕೊಂಡರು.

ಸಾಕ್ಷ್ಯಗಳು ಒಂದೊಂದಾಗಿ ಬಂದುದು ಆಮೇಲೆ. ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸೆಂಟ್ರೋಸೋಮಿನ ಒಳರಚನೆಯನ್ನು ತೋರಿಸಿತು. ಅದರೊಳಗೆ ಉರುಳೆಯಾಕಾರದ ಎರಡು ಪುಟ್ಟ ಅಂಗಗಳಿವೆ, ಒಂದೊಂದರ ಗೋಡೆಯೂ ಮೂರು ಮೂರು ನಳಿಕೆಗಳ ಒಂಬತ್ತು ಕಟ್ಟುಗಳಿಂದ ಕೂಡಿದೆ ಎಂಬುದು ತಿಳಿಯಿತು. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿನ ಕೋಶಗಳಲ್ಲಿ ಕೆಟ್ಟ ವರ್ಣತಂತುವೊಂದು ಪತ್ತೆಯಾಯಿತು. ಬೆಳವಣಿಗೆಯನ್ನು ತಡೆಯುವ ಜೀನುಗಳೂ ಪ್ರಚೋದಿಸುವ ಜೀನುಗಳೂ ಇರುವುದು ಮುಂದಿನ ದಶಕಗಳಲ್ಲಿ ಸ್ಥಿರಪಟ್ಟಿತು. ೧೯೯೦ರ ದಶಕದ ಕೊನೆಗೆ ಸ್ತನದ ಕ್ಯಾನ್ಸರೇ ಮೊದಲಾದ ಅನೇಕ ಗಡ್ಡೆಗಳ ಕೋಶಗಳಲ್ಲಿ ಸೆಂಟ್ರೋಸೋಮುಗಳು ಎರಡಕ್ಕಿಂತ ಹೆಚ್ಚಾಗಿರುವುದನ್ನು ಕಂಡರು.

ಹೆಚ್ಚಾದ ಸೆಂಟ್ರೋಸೋಮು ರೋಗದ ಕಾರಣವೋ ಅಥವಾ ರೋಗದ ಪರಿಣಾಮವೋ ಎಂಬ ಪ್ರಶ್ನೆ ಮಾತ್ರ ಬಹುಕಾಲ ಬಿಡಿಸಲಾರದ ಗಂಟಾಗಿ ಉಳಿಯಿತು. ೨೦೦೮ರಲ್ಲಿ ಹಣ್ಣಿನ ನೊಣಗಳ ಕೋಶಗಳಲ್ಲಿ ಬೇಕೆಂದೇ ಸೆಂಟ್ರೋಸೋಮುಗಳನ್ನು ಹೆಚ್ಚಿಸಿ ನೋಡಲಾಯಿತು. ನೊಣಗಳು ಬೆಳೆದು ದೊಡ್ಡವಾದವು. ಆದರೆ ಅವುಗಳ ಮರಿಹುಳುವಿನ ಮಿದುಳಿನ ತುಣುಕನ್ನು ಬೇರೆ ನೊಣಗಳ ಹೊಟ್ಟೆಯಲ್ಲಿ ನೆಟ್ಟಾಗ
ಅಲ್ಲಿ ಗಡ್ಡೆಗಳು ಎದ್ದುವು. ಬಹಳ ಕೋಶಗಳು ಹೆಚ್ಚಿನ ಸೆಂಟ್ರೋಸೋಮುಗಳನ್ನು ಎರಡು ಗುಂಪುಗಳಾಗಿ ಒತ್ತಿಹಿಡಿದು, ಹೇಗೋ ಎರಡೇ ತುದಿಗಳಿರುವಂತೆ ನೋಡಿಕೊಳ್ಳುತ್ತವೆಂಬುದೂ, ಹಾಗೆ ಮಾಡುವಾಗ ಕೆಲವು ವರ್ಣತಂತುಗಳು ಹಿಂದುಳಿದು ತಪ್ಪು ಪಾಲಾಗುತ್ತವೆಂಬುದೂ ೨೦೦೯ರಲ್ಲಿ ಗೊತ್ತಾಯಿತು. ಬೊವೇರಿಯವರು ಊಹಿಸದೆ ಇದ್ದ ಸೂಕ್ಷ್ಮವಿದು. ಹೀಗೆ ಕೆಟ್ಟ ಕೋಶಗಳ ವಿಭಜನೆಯನ್ನು ತಡೆದು ನಿಲ್ಲಿಸುವ ಕಾವಲುಗಾರ ಪ್ರೋಟೀನೂ ದೇಹದಲ್ಲಿ ಇದೆ. ೨೦೧೫ರಲ್ಲಿ ಇಲಿಗಳಲ್ಲಿ ನಡೆಸಿದ ಒಂದು ಪರೀಕ್ಷೆಯಲ್ಲಿ ಸೆಂಟ್ರೋಸೋಮುಗಳು ಹೆಚ್ಚಾದರೂ ಕ್ಯಾನ್ಸರ್ ಹೆಚ್ಚಾಗಲಿಲ್ಲ. ೨೦೧೭ರಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಅಂಥ ಇಲಿಗಳ ಮೈಯಲ್ಲಿ ಬೇರಾವ ಪ್ರಚೋದನೆಯೂ ಇಲ್ಲದೆ ಗಡ್ಡೆಗಳು ಕಾಣಿಸಿಕೊಂಡವು. ಸೆಂಟ್ರೋಸೋಮು ಎಷ್ಟು ಹೆಚ್ಚಿದರೆ, ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ ಹೆಚ್ಚಿದರೆ ಕೇಡು, ಪ್ರಾಣಿಯ ಆಯುಸ್ಸಿಗೆ ಅದರಿಂದ ಆಗುವ ಹಾನಿ ಎಷ್ಟು ಎಂಬ ವಿಚಾರಗಳನ್ನು ಪ್ರಯೋಗಶಾಲೆಗಳಲ್ಲಿ ಈಗಲೂ ಪರೀಕ್ಷಿಸುತ್ತಿದ್ದಾರೆ.

೧೯೧೪ರ ಆ ಕಿರುಗ್ರಂಥವನ್ನು ಇಂಗ್ಲೆಂಡಿನ ಕೋಶವಿಜ್ಞಾನಿ ಹೆನ್ರಿ ಹ್ಯಾರಿಸ್ ಎಂಬುವರು ೨೦೦೮ರಲ್ಲಿ ಮತ್ತೊಮ್ಮೆ ಇಂಗ್ಲಿಷಿಗೆ ಭಾಷಾಂತರಿಸಿ, ಟಿಪ್ಪಣಿಗಳೊಡನೆ ಪ್ರಕಟಿಸಿದರು.